ನಾಡಿ ಹಿಡಿದವರ ಕಣ್ಣು

ಉಸಿರಾಡುವುದು ನನ್ನ ಪಾಲಿಗೆ ಒಂದು ಕೆಲಸವಾಗಿ ನಾಲ್ಕು ತಿಂಗಳಾಗಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹನ್ನೆರಡು ವರ್ಷದಿಂದ ನಾನು ದಿನವೂ ಬೆಳಗ್ಗೆ ನಲವತ್ತು ನಿಮಿಷ ಧ್ಯಾನಕ್ಕೆ ಕೂರುತ್ತಿದ್ದೆ. ಮಾಡಬೇಕಾದದ್ದು ಬಹಳ ಸರಳ. ಕಣ್ಣು ಮುಚ್ಚಿ, ಉಸಿರು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಮೂಗಿನ ತುದಿಯಲ್ಲಿ ಗಮನಿಸಬೇಕು. ಮನಸ್ಸು ಬೇರೆಲ್ಲಿಗಾದರೂ ಹೋದರೆ ಬೈಯದೆ ವಾಪಸ್ ಕರೆತರಬೇಕು. ಉಸಿರನ್ನು ನಡೆಸಬಾರದು, ನೋಡಬೇಕು, ಅಷ್ಟೆ. ಅಷ್ಟೂ ವರ್ಷ ಅದು ನಡೆಯಿತು, ನಾನು ನೋಡಿದೆ. ಅದರಿಂದ ನನಗೆ ಆದ ಉಪಕಾರ ಸಣ್ಣದಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದ ಆರು ವಾರ ನಾನು ಯಾರ ಮೇಲೂ ರೇಗದೆ ಓಡಾಡಿದ್ದು ಆ ನಲವತ್ತು ನಿಮಿಷದ ಬಲದಿಂದಲೇ ಎಂದು ಈಗಲೂ ನಂಬಿದ್ದೇನೆ.

ಒಂದು ಮಂಗಳವಾರ, ಕೂತು ಹತ್ತು ನಿಮಿಷವಾಗಿರಬೇಕು, ಹೊರಗೆ ಹೋದ ಉಸಿರು ವಾಪಸ್ ಬರಲಿಲ್ಲ. ಕಾದೆ. ಬರಲಿಲ್ಲ. ಕೊನೆಗೆ ನಾನೇ ಎಳೆದುಕೊಂಡೆ. ಮುಂದಿನದೂ ಹಾಗೇ. ಎಷ್ಟು ಎಳೆಯಬೇಕು, ಯಾವಾಗ ಬಿಡಬೇಕು, ಎಲ್ಲವನ್ನೂ ನಾನೇ ತೀರ್ಮಾನಿಸಬೇಕಾಯಿತು. ಏಳುವ ಹೊತ್ತಿಗೆ ಎದೆ ಬಿಗಿದು ಬೆನ್ನು ಬೆವೆತಿತ್ತು. ಕಣ್ಣು ಬಿಟ್ಟ ಮೇಲೆ ಸರಿಹೋಗುತ್ತದೆ ಅಂದುಕೊಂಡೆ, ಹೋಗಲಿಲ್ಲ. ಹಲ್ಲುಜ್ಜುವಾಗ, ಬಸ್ಸು ಹತ್ತುವಾಗ, ಸಾಮಾನಿನ ಚೀಟಿ ಬರೆಯುವಾಗ, ಎಲ್ಲೆಲ್ಲೂ ಒಂದು ಕಣ್ಣು ಉಸಿರಿನ ಮೇಲೆ. ಊಟಕ್ಕೆ ಕೂತರೆ ಅಗಿಯುವುದೋ ಉಸಿರಾಡುವುದೋ ಎಂಬ ಗೊಂದಲ. ಯಾರಾದರೂ ಮಾತಾಡಿಸಿದರೆ ಅರ್ಧ ಮಾತು ಕಿವಿಗೆ ಬೀಳುತ್ತಿತ್ತು. ಉಳಿದರ್ಧ ಮುಗಿಯುವುದರೊಳಗೆ ಮುಂದಿನ ಉಸಿರಿನ ಸರದಿ ಬಂದಿರುತ್ತಿತ್ತು.

ಡಾಕ್ಟರು ಎಕ್ಸ್‌ರೇ ತೆಗೆಸಿದರು, ಒಂದು ಕೊಳವೆ ಕೊಟ್ಟು ಊದಿಸಿದರು. "ನಿಮ್ಮ ಶ್ವಾಸಕೋಶ ನನ್ನದಕ್ಕಿಂತ ಚೆನ್ನಾಗಿದೆ" ಎಂದು ಕಳಿಸಿದರು.

"ನಿದ್ದೇಲಿ ಚೆನ್ನಾಗೇ ಉಸಿರಾಡ್ತೀಯಲ್ಲ" ಎಂದ ಗಂಡ. ಅವನದು ಕನ್ನಡಕದ ಅಂಗಡಿ. ಯಾವ ತೊಂದರೆಗೂ ಒಂದು ಸರಿಯಾದ ನಂಬರ್ ಇರುತ್ತದೆ ಎಂಬುದು ಅವನ ಸಿದ್ಧಾಂತ. "ಗೊರಕೆಗೆ ನಾನೇ ಸಾಕ್ಷಿ."

"ನಿದ್ದೆ ವಿಷಯ ಬಿಡು. ಎಚ್ಚರವಾಗಿದ್ದಾಗ?"

"ಎಚ್ಚರವಾಗಿದ್ದಾಗಲೂ ಬದುಕಿಯೇ ಇದ್ದೀಯ. ನನ್ನ ತಲೆ ತಿಂತಾ ಇದ್ದೀಯಲ್ಲ, ಅದೇ ಪುರಾವೆ."

ಅವನು ನಗಿಸಲು ನೋಡಿದ್ದು ನನಗೆ ಗೊತ್ತಿತ್ತು. ಆದರೆ ನನ್ನ ಪ್ರಶ್ನೆ ತಮಾಷೆಯದಾಗಿರಲಿಲ್ಲ. ಎಚ್ಚರವಿದ್ದು, ನಾನು ನೋಡದೇ ಇರುವಾಗ, ನನ್ನ ಉಸಿರು ಮೊದಲಿನಂತೆ ತನ್ನಷ್ಟಕ್ಕೆ ನಡೆಯುತ್ತಿದೆಯೇ, ಅಥವಾ ನೋಡಿ ನೋಡಿ ನಾನೇ ಅದನ್ನು ಕೆಡಿಸಿಬಿಟ್ಟೆನೇ? ತಿಳಿಯಬೇಕಾದರೆ ನೋಡಬೇಕು. ನೋಡಿದರೆ ಕೆಡುತ್ತದೆ. ಈ ಪ್ರಶ್ನೆಗೆ ಉತ್ತರ ಸಿಗದೆ ಧ್ಯಾನವನ್ನು ಮುಂದುವರಿಸುವುದೋ ಬಿಡುವುದೋ ಎಂದು ತೀರ್ಮಾನಿಸುವ ಹಾಗಿರಲಿಲ್ಲ. ಬಿಡುವುದೆಂದರೆ ನನಗೆ ಭಯ. ಅದಿಲ್ಲದ ನಾನು ಹೇಗಿರುತ್ತೇನೆ ಎಂಬುದೇ ಮರೆತುಹೋಗಿತ್ತು.

ಭಾನುವಾರ ಬೆಳಗ್ಗೆ ನಾವು ಹನ್ನೊಂದು ಜನ ಒಟ್ಟಿಗೆ ಎರಡು ಗಂಟೆ ಕೂರುತ್ತಿದ್ದೆವು. ಪುಸ್ತಕ ಬೈಂಡ್ ಮಾಡುವ ಅಂಗಡಿಯ ಮೇಲಿನ ಕೋಣೆ. ಅಂಟಿನ ವಾಸನೆ ಮೆಟ್ಟಿಲಿನಿಂದಲೇ ಶುರು. ನಡೆಸುವವರು ನಿವೃತ್ತ ಭೂಗೋಳದ ಮೇಷ್ಟ್ರು. ಒಳ್ಳೆಯ ಮನುಷ್ಯ, ಇಪ್ಪತ್ತಾರು ವರ್ಷದ ಅಭ್ಯಾಸ. ಕೂತರೆ ಗೋಡೆಗೆ ಬಡಿದ ಮೊಳೆಯ ಹಾಗೆ ಅಲ್ಲಾಡದೆ ಇರುತ್ತಿದ್ದರು. ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು.

"ಇದು ಒಳ್ಳೇ ಸೂಚನೆ ಕಣಮ್ಮ. ಒಂದು ಘಟ್ಟ. ದಾಟೋವಾಗ ಏದುಸಿರು ಬರುತ್ತೆ. ಇನ್ನೂ ಸ್ವಲ್ಪ ಜಾಸ್ತಿ ಕೂತ್ಕೊಳ್ಳಿ."

"ಮೇಷ್ಟ್ರೇ, ಹೋದ ವರ್ಷ ತುಂಬಾ ಹಾಯಾಗಿದೆ ಅಂದಾಗಲೂ ಒಳ್ಳೇ ಸೂಚನೆ ಅಂದಿದ್ರಿ. ಏನಾದ್ರೆ ಕೆಟ್ಟ ಸೂಚನೆ?"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. "ಕೂರದೇ ಇರೋದು" ಎಂದರು.

ನಾನೂ ನಕ್ಕೆ. ಮೆಟ್ಟಿಲಿಳಿಯುವಾಗ ಮಾತ್ರ ಯೋಚನೆ ಹತ್ತಿತು: ಏನೇ ಆದರೂ ಸರಿ ಎನ್ನುವ ಪರೀಕ್ಷೆಯಲ್ಲಿ ಯಾರೂ ಫೇಲಾಗುವುದಿಲ್ಲ, ಅಂದಮೇಲೆ ಪಾಸಾದವರಿಗೂ ಬೆಲೆ ಇಲ್ಲ. ಆದರೂ ಮೇಷ್ಟ್ರ ಮಾತಿಗೆ ಒಂದು ಅವಕಾಶ ಕೊಡುವುದು ನ್ಯಾಯ ಎನಿಸಿತು. ನಲವತ್ತನ್ನು ಎಪ್ಪತ್ತು ನಿಮಿಷಕ್ಕೆ ಏರಿಸಿದೆ. ಮೂರು ವಾರದಲ್ಲಿ ತೊಂದರೆ ನನ್ನ ಹಿಂದೆಯೇ ಕೆಲಸದ ಜಾಗಕ್ಕೂ ಬಂತು.

ನಾನು ಕೆಲಸ ಮಾಡುವುದು ತೂಕದ ಬಟ್ಟುಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಔಷಧ ಕಂಪನಿಗಳು, ಆಭರಣದವರು ತಮ್ಮ ತೂಕದ ಬಟ್ಟುಗಳನ್ನು ಕಳಿಸುತ್ತಾರೆ. ನೂರು ಗ್ರಾಂ ಎಂದು ಬರೆದದ್ದು ನಿಜಕ್ಕೂ ನೂರೇ ಎಂದು ನಾವು ತೂಗಿ ಹೇಳಬೇಕು, ದಶಾಂಶದ ಬಿಂದುವಿನ ಆಚೆ ಐದನೇ ಅಂಕಿಯವರೆಗೆ. ತಕ್ಕಡಿ ಗಾಜಿನ ಪೆಟ್ಟಿಗೆಯೊಳಗಿರುತ್ತದೆ. ಅದರ ಬಾಗಿಲು ತೆರೆದು ಒಮ್ಮೆ ಉಸಿರು ಬಿಟ್ಟರೂ ಕೊನೆಯ ಅಂಕಿಗಳು ಗಾಬರಿಯಾಗಿ ಓಡಾಡುತ್ತವೆ.

ಒಂದೇ ಬಟ್ಟನ್ನು ಐದು ಸಲ ತೂಗಿದರೆ ಐದೂ ಹತ್ತಿರ ಹತ್ತಿರ ಬರಬೇಕು. ಅವತ್ತು ನನ್ನ ಐದು ಅಂಕಿಗಳು ಮೆಟ್ಟಿಲು ಇಳಿದ ಹಾಗೆ ಒಂದಕ್ಕಿಂತ ಒಂದು ಕಡಿಮೆ ಬಂದವು. ಮತ್ತೆ ತೂಗಿದೆ, ಮತ್ತೂ ಹಾಗೇ. ನನ್ನ ಉಸಿರೇ ಕಾರಣ ಎಂದುಕೊಂಡು ಬಾಯಿಗೆ ಮಾಸ್ಕ್ ಕಟ್ಟಿ, ಉಸಿರು ಬಿಗಿಹಿಡಿದು, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಅಂಕಿಗಳನ್ನೇ ನೋಡುತ್ತ ನಿಂತೆ. ಇನ್ನೂ ಕೆಟ್ಟಿತು.

ನಮ್ಮ ಹಿರಿಯ ಸಹೋದ್ಯೋಗಿಗೆ ಇಡೀ ಪ್ರಯೋಗಾಲಯ ಚಿಮಟ ಎಂದು ಹೆಸರಿಟ್ಟಿದೆ, ಬಟ್ಟುಗಳನ್ನು ಎತ್ತುವ ಚಿಮಟ ಸದಾ ಜೇಬಿನಲ್ಲಿರುವುದರಿಂದ. ಅವರು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು.

"ಏನ್ ತಾಯಿ, ತಕ್ಕಡಿಗೆ ಮುತ್ತು ಕೊಡ್ತಿದ್ದೀಯಾ?"

"ಉಸಿರು ತಾಗ್ತಿಲ್ಲ ಸಾರ್. ಮಾಸ್ಕ್ ಇದೆ."

"ಉಸಿರು ಬಿಡು. ಮೈ ಬಿಸಿ ಇಲ್ವಾ? ಮೂವತ್ತೇಳು ಡಿಗ್ರಿ ಒಲೆ ತಂದು ಗಾಜಿನ ಮುಂದೆ ಇಟ್ಟಿದ್ದೀಯ, ಅರ್ಧ ಗಂಟೆಯಿಂದ. ಪೆಟ್ಟಿಗೆ ಒಳಗೆ ಗಾಳಿ ಸುತ್ತುತ್ತಾ ಇದೆ. ಕಾಲೇಜಿನ ಹುಡುಗೀರು ಮಾಡೋ ತಪ್ಪು ಇದು. ಹದಿನೈದು ವರ್ಷ ಸರ್ವೀಸ್ ಆದ ನೀನು!"

"ಹತ್ತಿರದಿಂದ ನೋಡೋಣ ಅಂತ…"

"ಹತ್ತಿರದಿಂದ ನೋಡಿದ್ರೆ ಅಂಕಿ ದೊಡ್ಡದಾಗಿ ಕಾಣುತ್ತೆ, ಸರಿಯಾಗಲ್ಲ. ಬಟ್ಟು ಇಡು, ಬಾಗಿಲು ಮುಚ್ಚು, ಆಚೆ ಬಂದು ಟೀ ಕುಡಿ. ಆಮೇಲೆ ಬಂದು ಓದು."

ಇಡೀ ದಿನದ ಕೆಲಸ ರದ್ದಾಯಿತು. ಹೋಲಿಕೆಗಳನ್ನು ನಂಬುವ ಅಭ್ಯಾಸ ನನಗಿಲ್ಲ. ತಕ್ಕಡಿ ಮನಸ್ಸಲ್ಲ, ಮೈ ಬಿಸಿ ಗಮನವಲ್ಲ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಒಂದು ಮಾತಂತೂ ಖಾತ್ರಿಯಾಯಿತು. ನನ್ನ ಉಸಿರಿನ ವಿಷಯದಲ್ಲಿ ಅಳೆಯುವವಳೂ ನಾನೇ, ಅಳತೆಗೆ ಸಿಕ್ಕವಳೂ ನಾನೇ. ಇಂಥ ಅಳತೆಯನ್ನು ನಮ್ಮ ಪ್ರಯೋಗಾಲಯ ಬಾಗಿಲಲ್ಲೇ ವಾಪಸ್ ಕಳಿಸುತ್ತಿತ್ತು.

ಅತ್ತೆ ಬಾಲ್ಕನಿಯಲ್ಲಿ ಸ್ವೆಟರ್ ಹೆಣೆಯುತ್ತ ಕೂತಿದ್ದರು. ಅವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದು, ಹೆಡ್ ನರ್ಸಾಗಿ ನಿವೃತ್ತರಾದವರು. ನನ್ನ ಮುಖ ನೋಡಿ ಕಡ್ಡಿ ಕೆಳಗಿಟ್ಟರು.

"ಏನೇ, ಇವತ್ತೂ ಉಸಿರಿನ ಜೊತೆ ಜಗಳಾನಾ?"

ಹೇಳಿದೆ. ತಕ್ಕಡಿಯ ಕಥೆ, ಎಪ್ಪತ್ತು ನಿಮಿಷದ ಕಥೆ, ಎಲ್ಲ. ಅವರು ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಕೈ ಕೊಡು ಇಲ್ಲಿ" ಎಂದು ಮಣಿಕಟ್ಟು ಹಿಡಿದರು. "ದಿನಾ ಸಂಜೆ ನಾಡಿ ನೋಡ್ತೀನಿ. ಎದೆ ಬಡಿತದಲ್ಲಿ ಏನಾದ್ರೂ ಏರುಪೇರಿದ್ರೆ ಗೊತ್ತಾಗುತ್ತೆ. ಇದಕ್ಕೂ ನಿನ್ನ ಧ್ಯಾನಕ್ಕೂ ಸಂಬಂಧ ಇಲ್ಲ. ನನಗೂ ಹೊತ್ತು ಹೋಗಬೇಕಲ್ಲ."

ಅಂದಿನಿಂದ ದಿನವೂ ಟೀ ಮುಗಿದ ಮೇಲೆ ಬಾಲ್ಕನಿ. ಅತ್ತೆ ಮಣಿಕಟ್ಟಿನ ಮೇಲೆ ಮೂರು ಬೆರಳಿಡುತ್ತಿದ್ದರು, ಇನ್ನೊಂದು ಕೈಯಲ್ಲಿ ನರ್ಸುಗಳು ಎದೆಗೆ ಸಿಕ್ಕಿಸಿಕೊಳ್ಳುವ ಆ ತಲೆಕೆಳಗಾದ ಗಡಿಯಾರ. ಮೊದಲ ಅರ್ಧ ನಿಮಿಷ ಬಿಟ್ಟರೆ ಬಾಯಿಗೆ ಬಿಡುವಿರಲಿಲ್ಲ. ಮೇಲಿನ ಮನೆಯ ವಕೀಲೆಯ ಸುದ್ದಿ ತೆಗೆಯುತ್ತಿದ್ದರು. ವಕೀಲೆಗೂ ಆಕೆಯ ಗಂಡನಿಗೂ ಮಾತು ಬಿಟ್ಟು ವಾರವಾಗಿತ್ತು, ಇಬ್ಬರೂ ಗಿಳಿಯ ಮೂಲಕ ವ್ಯವಹಾರ ನಡೆಸುತ್ತಿದ್ದರು.

"‘ಕಸ ಹಾಕಿ ಬಾ ಅಂತ ಹೇಳು’ ಅಂತ ಅವಳು ಗಿಳಿಗೆ ಹೇಳ್ತಾಳೆ. ಅವನು ಏನಂದ ಗೊತ್ತಾ?"

"ಏನಂದ್ರು?"

ಅತ್ತೆ ತಕ್ಷಣ ಹೇಳುತ್ತಿರಲಿಲ್ಲ. ಗಡಿಯಾರ ನೋಡುತ್ತ, ಕಥೆಯನ್ನು ನನ್ನ ತಲೆಯೊಳಗೇ ನೇತುಹಾಕಿ ಬಿಟ್ಟು, ಸಾಕಷ್ಟು ಹೊತ್ತಾದ ಮೇಲೆ, "‘ಕೋರ್ಟಿನಿಂದ ನೋಟಿಸ್ ಬರಲಿ’ ಅಂದ" ಎಂದು ಮುಗಿಸಿ, ಹಳೆಯ ಡೈರಿಯಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದರು.

ಹದಿಮೂರನೇ ದಿನ ಗೋಡೆ ಗಡಿಯಾರದ ಕಡೆ ನನ್ನ ಕಣ್ಣು ಹೋಯಿತು. ಅಳತೆಯವಳ ಚಾಳಿ. ನಾಡಿ ಎಣಿಸಲು ಮೂವತ್ತು ಸೆಕೆಂಡ್ ಸಾಕು, ಎರಡರಿಂದ ಗುಣಿಸಿದರಾಯಿತು. ಅತ್ತೆ ಹಿಡಿದದ್ದು ತೊಂಬತ್ತು ಸೆಕೆಂಡ್. ಅದರಲ್ಲೂ ಮೊದಲ ಅರ್ಧ ನಿಮಿಷದ ನಂತರ ಬೆರಳುಗಳು ಸಡಿಲವಾಗಿದ್ದವು. ಆ ಹಿಡಿತದಲ್ಲಿ ಯಾವ ನಾಡಿಯೂ ಸಿಗಲಾರದು. ಅವರ ಕಣ್ಣು ನನ್ನ ಮಣಿಕಟ್ಟಿನ ಮೇಲೂ ಇರಲಿಲ್ಲ. ಭುಜದ ಮೇಲಿತ್ತು.

"ಅತ್ತೆ, ನೀವು ಎಣಿಸ್ತಿರೋದು ನಾಡೀನ ಅಲ್ಲ."

ಅವರು ಹುಬ್ಬು ಹಾರಿಸಿದರು. "ಅಂತೂ ಸಿಕ್ಕಿಬಿದ್ದೆ. ಪರವಾಗಿಲ್ಲ, ಹದಿಮೂರು ದಿನ ತಡ್ಕೊಂಡೆ. ಕೆಲವು ರೋಗಿಗಳು ಮೂರನೇ ದಿನಕ್ಕೇ ಹಿಡಿದುಬಿಡ್ತಾರೆ."

"ಉಸಿರು ಎಣಿಸಿದ್ರಾ?"

"ಮತ್ತೆ? ವಾರ್ಡಿಗೆ ಬಂದ ಹೊಸಬರಿಗೆ ನಾನು ಕಲಿಸ್ತಿದ್ದ ಮೊದಲ ಪಾಠ ಇದು. ‘ಈಗ ನಿಮ್ಮ ಉಸಿರು ಎಣಿಸ್ತೀನಿ’ ಅಂತ ಹೇಳಿದ್ರೋ, ಮುಗೀತು. ರೋಗಿ ಉಸಿರಾಡೋದನ್ನೇ ಮರೆತುಬಿಡ್ತಾನೆ. ಒಬ್ಬ ಎದೆ ಉಬ್ಬಿಸಿ ಪೈಲ್ವಾನನ ಥರ ಎಳೀತಾನೆ, ಇನ್ನೊಬ್ಬ ಬಿಗಿಹಿಡಿದು ನನ್ನ ಮುಖ ನೋಡ್ತಾನೆ. ಅದಕ್ಕೇ ನಾಡಿ ನೋಡೋ ನೆಪ. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬಾರದು. ಕೈ ಕೈಮೇಲೆ, ಕಣ್ಣು ಎದೆ ಮೇಲೆ."

"ಎಲ್ಲಾರೂ ಹೀಗೇನಾ?"

"ಮೂವತ್ತೊಂದು ವರ್ಷದಲ್ಲಿ ನಾನು ನೋಡಿದೋರೆಲ್ಲ. ನಿನ್ನದೇನೂ ಸ್ಪೆಷಲ್ ಕೇಸ್ ಅಲ್ಲ. ಅವರಿಗೆ ಒಂದು ನಿಮಿಷ ಆಗೋದು ನಿನಗೆ ನಾಲ್ಕು ತಿಂಗಳಿಂದ ಆಗ್ತಿದೆ, ಅಷ್ಟೇ."

ಡೈರಿ ಕಿತ್ತುಕೊಂಡೆ ಎಂದರೂ ತಪ್ಪಿಲ್ಲ. ಎರಡು ಸಾಲು ಅಂಕಿ. ಮೊದಲನೆಯದು ನಾಡಿ. ಎರಡನೆಯದಕ್ಕೆ ಹೆಸರು ಬರೆದಿರಲಿಲ್ಲ: ಹದಿನಾರು, ಹದಿನೈದು, ಹದಿನಾರು, ಹದಿನಾಲ್ಕು. ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಎಂಬುದು ಆರೋಗ್ಯವಂತರ ಲೆಕ್ಕ. ನನ್ನ ಕಣ್ಣು ತಪ್ಪಿದಾಗಲೆಲ್ಲ ನನ್ನ ಉಸಿರು ಯಾರ ಅಪ್ಪಣೆಯನ್ನೂ ಕಾಯದೆ ಪಠ್ಯಪುಸ್ತಕದ ಹಾಗೆ ನಡೆದಿತ್ತು. ಖುಷಿಗೆ ಮೊದಲು ಬಂದದ್ದು ಕುತೂಹಲ. ನಡುವೆ ಎರಡು ಅಂಕಿಗಳು ಬೇರೆಯಾಗಿದ್ದವು: ಒಂಬತ್ತು, ಇಪ್ಪತ್ತಮೂರು.

"ಇವೆರಡು?"

"ದಿನ ನೋಡು."

ಎರಡೂ ಭಾನುವಾರ. ಬೆಳಗ್ಗೆ ಎರಡು ಗಂಟೆ ಕೂತು ಬಂದ ದಿನಗಳು.

"ಅವತ್ತು ಗಿಳಿ ಕಥೆಗೂ ನೀನು ನಗಲಿಲ್ಲ" ಎಂದರು ಅತ್ತೆ. "ಏನಂದ ಅಂತ ಕೇಳಲೂ ಇಲ್ಲ. ಸಂಜೆವರೆಗೂ ಒಳಗೇ ಇಣುಕ್ತಾ ಇದ್ದೆ."

ಹದಿಮೂರು ಅಂಕಿಗಳಿಂದ ಯಾವುದನ್ನೂ ಸಾಬೀತುಪಡಿಸಲಾಗುವುದಿಲ್ಲ ಎಂದು ನನಗೆ ಗೊತ್ತು. ಎಣಿಸಿದವರು ಒಬ್ಬರೇ, ಅದೂ ನನ್ನ ಮೇಲೆ ಪ್ರೀತಿಯಿರುವವರು. ಆದರೂ ನಾಲ್ಕು ತಿಂಗಳಲ್ಲಿ ನನಗೆ ತಿಳಿಯದಂತೆ ಹೊರಗಿನಿಂದ ತೆಗೆದ ಮೊದಲ ಅಳತೆ ಅದು.

"ಬಿಟ್ಟುಬಿಡಲಾ ಅತ್ತೆ?"

"ನನ್ನೇನು ಕೇಳ್ತೀಯ?"

"ಹನ್ನೆರಡು ವರ್ಷ."

"ಮಾತ್ರೆ ಹನ್ನೆರಡು ವರ್ಷ ಒಳ್ಳೇದು ಮಾಡಿ ಆಮೇಲೆ ಮೈಗೆ ಒಗ್ಗದೇ ಹೋದ್ರೆ ಡಾಕ್ಟ್ರು ಏನು ಮಾಡ್ತಾರೆ? ‘ಮೊದಲು ಗುಣ ಆಗಿದ್ದೂ ಸುಳ್ಳು’ ಅಂತಾರಾ? ನಿಲ್ಲಿಸಿ ನೋಡ್ತಾರೆ."

ಮೂವತ್ತು ದಿನ ನಿಲ್ಲಿಸಿ ನೋಡುವುದೆಂದು ತೀರ್ಮಾನಿಸಿದೆ. ಮೊದಲ ಬೆಳಗ್ಗೆ ಎಪ್ಪತ್ತು ನಿಮಿಷ ಕೈಯಲ್ಲಿ ಉಳಿದು, ಪರೀಕ್ಷಾ ಕೊಠಡಿಯಿಂದ ಬೇಗ ಎದ್ದು ಬಂದವಳ ಹಾಗೆ ಏನೇನೋ ಮಾತಾಡುತ್ತ ಮನೆಯೆಲ್ಲ ಸುತ್ತಿದೆ. ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ.

"ಏನು?"

"ಏನಿಲ್ಲ. ಈ ಹೊತ್ತಲ್ಲಿ ನಿನ್ನ ಕಣ್ಣು ತೆರೆದಿರೋದನ್ನ ನಾನು ನೋಡೇ ಇರಲಿಲ್ಲ. ಮದುವೆಗೆ ಮುಂಚೆಯಿಂದ ಕೂತಿದ್ದೀಯ." ಕೊನೆಯ ಗುಂಡಿ ಹಾಕಿ ಸೇರಿಸಿದ, "ಬೆಳಗ್ಗೆ ಹೊತ್ತು ನೀನು ಇಷ್ಟು ಮಾತಾಡ್ತೀಯ ಅಂತ ಗೊತ್ತಿದ್ರೆ…"

"ಗೊತ್ತಿದ್ರೆ?"

"ಅಂಗಡಿ ಬೇಗ ತೆಗೀತಿದ್ದೆ."

ದಿನಗಳು ಸಲೀಸಾಗಿಯೇನೂ ಹೋಗಲಿಲ್ಲ. ಉಸಿರನ್ನು ನಾನೇ ಎಳೆಯಬೇಕಾಗಿ ಬಂದಾಗಲೆಲ್ಲ ಒಂದು ಗೆರೆ ಹಾಕುವುದೆಂದು ಪಟ್ಟಿ ಶುರುಮಾಡಿದೆ. ಮೊದಲ ದಿನ ಅರವತ್ತೊಂದು ಗೆರೆ. ಮೂರನೇ ದಿನ ಎಪ್ಪತ್ತೆಂಟು. ಆಗ ಎಡವಟ್ಟು ಹೊಳೆಯಿತು: ಗೆರೆ ಹಾಕುವುದೂ ಕಾವಲೇ. ಪಟ್ಟಿಯನ್ನು ಹರಿದು, ಚಿಮಟ ಸಾರ್ ಜೊತೆ ಟೀ ಕುಡಿಯಲು ಹೋದೆ. ಅಂಕಿಯಿಲ್ಲದೆ ಒಂದು ವಿಷಯವನ್ನು ನಂಬುವುದು ನನಗೆ ಧ್ಯಾನಕ್ಕಿಂತ ಕಷ್ಟದ ಅಭ್ಯಾಸವಾಗಿತ್ತು. ಎಷ್ಟನೇ ದಿನ ಬಿಗಿತ ಸಡಿಲವಾಯಿತೋ ನಾನು ಹೇಳಲಾರೆ, ಯಾರೂ ಬರೆದಿಟ್ಟಿಲ್ಲ. ಬಟ್ಟುಗಳ ಅಂಕಿ ಐದಕ್ಕೈದೂ ಕೂಡಿಬಂದವು. ಮೇಲಿನ ಮನೆಯ ಗಂಡ ಹೆಂಡತಿ ರಾಜಿಯಾದರು. ಗಿಳಿ ಮಾತ್ರ ಇಬ್ಬರನ್ನೂ ಬೈಯುವುದನ್ನು ಬಿಡಲಿಲ್ಲ ಎಂದು ಅತ್ತೆ ಹೇಳಿದಾಗ ನಾನು ಟೀ ಉಗುಳುವಷ್ಟು ನಕ್ಕೆ.

ಮೂವತ್ತೊಂದನೇ ದಿನ, ಕೆಲಸ ಮುಗಿಸಿ ಬೈಂಡಿಂಗ್ ಅಂಗಡಿಯ ಮೆಟ್ಟಿಲು ಹತ್ತಿದೆ. ಮೇಷ್ಟ್ರು ಒಬ್ಬರೇ ಇದ್ದರು, ಕೂರುವ ದಿಂಬುಗಳಲ್ಲಿ ಒಂದಕ್ಕೆ ಹೊಲಿಗೆ ಹಾಕುತ್ತಿದ್ದರು.

"ನಾಲ್ಕು ಭಾನುವಾರ ಕಾಣಲಿಲ್ಲ" ಎಂದರು, ಸೂಜಿಯಿಂದ ಕಣ್ಣೆತ್ತದೆ.

"ಬಿಟ್ಟೆ ಮೇಷ್ಟ್ರೇ. ಅದನ್ನ ಎದುರಿಗೇ ಹೇಳೋಣ ಅಂತ ಬಂದೆ. ಜಾಸ್ತಿ ಕೂತಷ್ಟೂ ಕೆಟ್ಟಿತು. ನಿಲ್ಲಿಸಿದ ಮೇಲೆ ಸರಿಹೋಯ್ತು. ಘಟ್ಟವೋ ಏನೋ, ನನಗೆ ಗೊತ್ತಿಲ್ಲ."

ಅವರು ಇನ್ನೆರಡು ಹೊಲಿಗೆ ಹಾಕಿದರು.

"ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷದಲ್ಲಿ ಬಿಟ್ಟು ಹೋದೋರು ಎಷ್ಟು ಜನ?"

"ನೂರರ ಮೇಲೆ ಇರಬಹುದು."

"ಯಾಕೆ ಬಿಟ್ಟರು?"

"ಕೇಳಿಲ್ಲ." ಸೂಜಿ ನಿಂತಿತು. "ಸೋಮಾರಿತನ ಅಂದುಕೊಂಡೆ. ಉಳಿದವರನ್ನ ಮಾತ್ರ ಕೇಳಿದ್ದೀನಿ. ಅವರೆಲ್ಲ ಒಳ್ಳೇದಾಯ್ತು ಅಂದರು."

"ಒಳ್ಳೇದಾಗಿದ್ದಕ್ಕೇ ಉಳಿದರು."

"ಹೌದಲ್ವಾ" ಎಂದರು. ಆ ದನಿಯಲ್ಲಿ ಸೋತವರ ಬೇಸರ ಇರಲಿಲ್ಲ. ನಕ್ಷೆಯಲ್ಲಿ ತಾನು ಗಮನಿಸದ ನದಿಯೊಂದನ್ನು ವಿದ್ಯಾರ್ಥಿ ತೋರಿಸಿದಾಗಿನ ದನಿ ಅದು. ಆಮೇಲೆ ಅತ್ತೆಯ ಉಪಾಯವನ್ನು ಕೆದಕಿ ಕೆದಕಿ ಕೇಳಿದರು. ಎಷ್ಟು ಸೆಕೆಂಡ್, ಯಾವ ಬೆರಳು, ಕಣ್ಣು ಎಲ್ಲಿ. ಗಿಳಿಯ ಕಥೆಯನ್ನೂ ಬಿಡಲಿಲ್ಲ. ಕೇಳಿ ಮುಗಿದ ಮೇಲೆ ದಿಂಬನ್ನು ಪಕ್ಕಕ್ಕಿಟ್ಟರು.

"ಕೂತಾಗ ನಿಮಗೇನಾಗುತ್ತೆ ಅಂತ ಇದುವರೆಗೂ ನನ್ನನ್ನ ಯಾರೂ ಕೇಳಿಲ್ಲ ಕಣಮ್ಮ."

"ಏನಾಗುತ್ತೆ?"

"ಏನೂ ಆಗಲ್ಲ ಅಂತಲೇ ಅಂದುಕೊಂಡಿದ್ದೆ. ಪರಮ ಶಾಂತಿ. ಹೋದ ವರ್ಷ ಹಲ್ಲಿನ ಡಾಕ್ಟ್ರು ನೋಡಿ, ‘ದಿನಾ ಎರಡು ಗಂಟೆ ಹಲ್ಲು ಕಡೀತೀರಾ?’ ಅಂದರು. ಹಿಂದಿನ ನಾಲ್ಕು ಹಲ್ಲು ಸವೆದು ಚಪ್ಪಟೆ ಆಗಿವೆ. ನಿದ್ದೇಲಿ ಇರಬೇಕು ಅಂದೆ. ಆದ್ರೆ ದವಡೆ ನೋಯೋದು ನಿದ್ದೆಯಿಂದ ಎದ್ದಾಗ ಅಲ್ಲ. ಈ ದಿಂಬಿನ ಮೇಲಿಂದ ಎದ್ದಾಗ."

ನಾನು ಅವರ ದವಡೆಯತ್ತ ನೋಡಿದೆ. ಅವರಿಗೆ ಅದು ತಿಳಿದು, ದವಡೆ ಕೂಡಲೇ ಸಡಿಲವಾಯಿತು. ನೋಡಿದ್ದಕ್ಕೇ ಅಳತೆ ಕೆಟ್ಟಿತು, ಅಥವಾ ನೋಡಿದ್ದಕ್ಕೇ ದವಡೆ ಸರಿಹೋಯಿತು. ಇಬ್ಬರಿಗೂ ಒಟ್ಟಿಗೇ ನಗು ಬಂತು.

"ನಾನು ಕೂತು ನೋಡಿದ್ರೆ ಗೊತ್ತಾಗಲ್ಲ" ಎಂದರು ಮೇಷ್ಟ್ರು. "ಎಷ್ಟೋ ಸಲ ನೋಡಿದೆ. ನೋಡಿದಾಗ ಸರಿಯಾಗೇ ಇರುತ್ತೆ. ನಿಮ್ಮ ಅತ್ತೆ ಭಾನುವಾರ ಬಿಡುವಾಗಿರ್ತಾರಾ?"

"ಬಿಡುವೇ. ಆದ್ರೆ ಆ ಉಪಾಯ ಈಗ ನಿಮಗೆ ಗೊತ್ತಾಗಿಹೋಯ್ತಲ್ಲ. ನಿಮ್ಮ ಮೇಲೆ ನಡೆಯಲ್ಲ."

"ಬೇರೆ ಏನಾದ್ರೂ ಉಪಾಯ ಇರುತ್ತಲ್ವಾ ಅವರ ಹತ್ರ?"

"ಮೂವತ್ತೊಂದು ವರ್ಷದ ನರ್ಸು. ಇರುತ್ತೆ."

"ಹಾಗಾದ್ರೆ ಕರ್ಕೊಂಡು ಬನ್ನಿ. ನೀವು ಕೂರಬೇಡಿ, ಸುಮ್ಮನೆ ಬನ್ನಿ. ಏನು ಮಾಡ್ತಾರೆ ಅಂತ ಮಾತ್ರ ನನಗೆ ಮೊದಲೇ ಹೇಳಬೇಡಿ."

"ನನಗೇ ಹೇಳಲ್ಲ ಮೇಷ್ಟ್ರೇ ಅವರು" ಎಂದೆ.